ಹದಿನಾಲ್ಕನೆಯ ನಿಯಮ ಮತ್ತು ಎನಿಡ್ ಕ್ಲೆಗ್‌ಳ ಬಚ್ಚಲುಮನೆ

ಇಂಗ್ಲೆಂಡಿನ ಇತಿಹಾಸದಲ್ಲಿ ದೊಡ್ಡ ದೊಡ್ಡ ಅನ್ಯಾಯಗಳು ನಡೆದಿವೆ. ಬಹುಪಾಲನ್ನು ಯಾರೋ ಒಬ್ಬರು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಅಕ್ರಿಂಗ್ಟನ್ ಊರಿನ ಎನಿಡ್ ಕ್ಲೆಗ್‌ಳ ಕೈಗೆ ಬಂದಿದ್ದ ಬಚ್ಚಲುಮನೆಯೊಂದನ್ನು ಸೋಪಿನ ಕಂಪನಿ ಕಿತ್ತುಕೊಂಡ ಸಂಗತಿಯನ್ನು ಮಾತ್ರ ಯಾವ ಇತಿಹಾಸಕಾರನೂ ಮುಟ್ಟಿಲ್ಲ. ಆ ಲೋಪವನ್ನು ಇಲ್ಲಿ ತುಂಬಲಾಗುತ್ತಿದೆ.

ಎನಿಡ್‌ಗೆ ಆಗ ಎಪ್ಪತ್ತೊಂದು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳ ತಟ್ಟೆಗೆ ಆಲೂಗಡ್ಡೆ ಬಡಿಸಿ ನಿವೃತ್ತಳಾದವಳು. ಅವಳ ಹವ್ಯಾಸ ಬಹುಮಾನದ ಸ್ಪರ್ಧೆಗಳು. ಬಿಸ್ಕತ್ತಿನ ಪೊಟ್ಟಣವಾಗಲಿ, ಚಹಾದ ಡಬ್ಬಿಯಾಗಲಿ, ಬೆಕ್ಕಿನ ಆಹಾರದ ಚೀಲವಾಗಲಿ, ‘ಗೆಲ್ಲಿರಿ’ ಎಂಬ ಪದ ಎಲ್ಲಿ ಕಂಡರೂ ಅವಳ ಚಪ್ಪಲಿ ಅಲ್ಲೇ ನಿಲ್ಲುತ್ತಿತ್ತು. ಮನೆಯಲ್ಲಿ ಬೆಕ್ಕಿರಲಿಲ್ಲ. ಗೆದ್ದದ್ದೆಂದರೆ ಬಹುಮಟ್ಟಿಗೆ ಕೊಡೆಗಳು, ಮಗ್ಗುಗಳು, ಒಂದು ಸಲ ಒಂದು ವರ್ಷಕ್ಕಾಗುವಷ್ಟು ಸಾಸಿವೆ.

ಎನಿಡ್ ಸೇರಿ ಅಂಥ ಹನ್ನೊಂದು ಜನ ನಾವು ಒಂದು ಕ್ಲಬ್ಬು ಮಾಡಿಕೊಂಡು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ತಿಂಗಳ ಎರಡನೆಯ ಮಂಗಳವಾರ ಮಧ್ಯಾಹ್ನ ಸೇರುತ್ತೇವೆ. ನಮಗೆ ನಮ್ಮದೇ ಶಾಸ್ತ್ರಗಳಿವೆ. ಪೋಸ್ಟ್‌ಕಾರ್ಡಿನ ಅಂಚಿಗೆ ಹಳದಿ ಬಳಿಯುವುದು, ಚೀಟಿ ಎತ್ತುವ ಕೈಗೆ ತಾಕಲೆಂದು ಕಾಗದವನ್ನು ಬೀಸಣಿಗೆಯಂತೆ ಮಡಿಸುವುದು, ಮೊದಲ ದಿನವೇ ಕಳಿಸುವುದೋ ಕೊನೆಯ ದಿನವೋ ಎಂದು ಜಗಳವಾಡುವುದು. ಇದರಲ್ಲಿ ಯಾವುದರಿಂದಲೂ ಏನೂ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಯಾರೂ ಬಿಟ್ಟಿಲ್ಲ.

ಕಾರ್ಯದರ್ಶಿ ಡೆಸ್ಮಂಡ್ ಪಿಲ್ಲಿಂಗ್ ಅವರು ನಿವೃತ್ತ ಸುಂಕದ ಗುಮಾಸ್ತರು. ಎಲ್ಲ ಸ್ಪರ್ಧೆಗಳ ನಿಯಮಗಳನ್ನೂ ಭೂತಗನ್ನಡಿ ಹಿಡಿದು ಓದುವವರು. ಕ್ಲಬ್ಬಿನ ನಿಯಮಾವಳಿ ಬರೆದವರೂ ಅವರೇ. ಅದರ ಮೂರನೆಯ ನಿಯಮ ಅವರ ಪಾಲಿಗೆ ವೇದ: ಗೆದ್ದವರು ಮೂರು ದಿನದೊಳಗೆ ಬಹುಮಾನ ಕೊಟ್ಟವರಿಗೆ ಕೈಯಾರೆ ಧನ್ಯವಾದದ ಕಾಗದ ಬರೆಯತಕ್ಕದ್ದು. ಬರೆದರೆ ಅವರು ಸಂತೋಷಪಟ್ಟು ಮುಂದಿನ ವರ್ಷವೂ ಸ್ಪರ್ಧೆ ಇಡುತ್ತಾರೆ, ಬರೆಯದಿದ್ದರೆ ಹಿಂದೆ ಬರುವವರಿಗೆ ಬಾಗಿಲು ಮುಚ್ಚಿದಂತೆ, ಎಂಬುದು ಅವರ ವಾದ. ಈ ನಿಯಮವನ್ನು ಎಂದೂ ಪಾಲಿಸದವನು ರಾನಿ ಟ್ಯಾಟರ್‌ಸಾಲ್ ಒಬ್ಬನೇ. ಅವನು ಮನೆಗೊಂದೇ ಚೀಟಿ ಎಂದಿರುವ ಕಡೆಯೂ ಆರು ಜನ ನೆಂಟರ ಹೆಸರಿನಲ್ಲಿ ಆರು ಚೀಟಿ ಹಾಕುವವನು. ಅವರಲ್ಲಿ ಒಬ್ಬ ಸೋದರತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಹೋದ ಮಾರ್ಚಿನಲ್ಲಿ ಅವಳಿಗೆ ಒಂದು ಫ್ರಿಜ್ ಬಂತು.

ಇನ್ನು ಬಚ್ಚಲುಮನೆ. ಎನಿಡ್‌ಳ ಗಂಡ ವಿಲ್ಫ್ ಚಳಿಗಾಲದಲ್ಲಿ ಅಂಗಳದ ಮಂಜಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡ. ಆಸ್ಪತ್ರೆಯವರು ಲೋಹದ ಕೀಲು ಹಾಕಿ ಕಳಿಸಿದರು. ನಡೆಯುವುದಕ್ಕೆ ತೊಂದರೆಯಿಲ್ಲ, ಕಾಲೆತ್ತಿ ಸ್ನಾನದ ತೊಟ್ಟಿಯೊಳಗೆ ಇಡುವುದು ಮಾತ್ರ ಆಗದು. ನೆಲಮಟ್ಟದ ಶವರ್ ಹಾಕಿಸಿಕೊಡಿ ಎಂದು ಪುರಸಭೆಗೆ ಅರ್ಜಿ ಹಾಕಿದರೆ, ಸರದಿ ಬರಲು ಹದಿನಾಲ್ಕು ತಿಂಗಳಾದರೂ ಬೇಕು ಎಂದರು. ಅಲ್ಲಿಯವರೆಗೆ ಅಡುಗೆಮನೆಯ ನಲ್ಲಿಯ ಮುಂದೆ ಪರದೆ ಎಳೆದು ಎನಿಡ್ ಅವನ ಮೈ ಒರೆಸುತ್ತಿದ್ದಳು. ನಲವತ್ತು ವರ್ಷ ಬಸ್ಸು ಓಡಿಸಿದ ವಿಲ್ಫ್, ಕಿಟಕಿಯಾಚೆ ಯಾರಾದರೂ ಹಾದುಹೋದರೆ ಕುಕ್ಕರುಗಾಲಲ್ಲಿ ಕೂರಲೂ ಆಗದೆ, ನಿಲ್ಲಲೂ ಆಗದೆ, ಗೋಡೆ ನೋಡುತ್ತಿದ್ದ. ಅದರ ಬಗ್ಗೆ ಅವನು ಒಂದು ಮಾತೂ ಆಡಿದವನಲ್ಲ. ಮಾತಾಡುವುದನ್ನೇ ಕಡಿಮೆ ಮಾಡಿದ.

ಆ ಹೊತ್ತಿಗೆ ಪೆಂಡಲ್‌ವೈಟ್ ಸೋಪಿನವರ ಲಾಟರಿ ಬಂತು. ಎರಡು ಸೋಪು ಕೊಂಡು ಒಳಗಿನ ಚೀಟಿ ತುಂಬಿ ಕಳಿಸಿ, ನೆಲಮಟ್ಟದ ಶವರ್ ಸಹಿತ ಹೊಸ ಬಚ್ಚಲುಮನೆ ಗೆಲ್ಲಿ, ನಮ್ಮ ಜನವೇ ಬಂದು ಕಟ್ಟಿಕೊಡುತ್ತಾರೆ. ಮನೆಗೊಂದೇ ಚೀಟಿ. ಎನಿಡ್ ಒಂದೇ ಕಳಿಸಿದಳು.

ಮೇ ತಿಂಗಳಲ್ಲಿ ಉದ್ದನೆಯ ಬಿಳಿ ಲಕೋಟೆ ಬಂತು. ವಾರದೊಳಗೆ ಒಬ್ಬ ಫಿಟ್ಟರ್ ಬಂದು ಅಳತೆ ತೆಗೆದು, ಶವರ್ ಎಲ್ಲಿ, ಹಿಡಿಕೆ ಎಲ್ಲಿ ಎಂದು ಗೋಡೆಯ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿಹೋದ. ವಿಲ್ಫ್ ಆ ದಿನ ಸಂಜೆ ಹಿಡಿಕೆಯ ಗೀಟಿನ ಮೇಲೆ ಕೈಯಿಟ್ಟು ನಿಂತು, ಎರಡು ಅಂಗುಲ ಮೇಲಿದ್ದರೆ ಒಳ್ಳೆಯದಿತ್ತು ಅಂದನಂತೆ. ತಿಂಗಳುಗಳ ನಂತರ ಅವನು ತಕರಾರು ತೆಗೆದದ್ದು ಕೇಳಿ ಎನಿಡ್‌ಗೆ ಹಬ್ಬವಾಯಿತು.

ಅವಳು ಮೂರನೆಯ ನಿಯಮದಂತೆ ಕಾಗದ ಬರೆದಳು, ಪಿಲ್ಲಿಂಗ್ ಅವರಿಗೆ ತೋರಿಸಿಯೇ ಕಳಿಸಿದಳು. ಅವರು ಒಂದು ಅಲ್ಪವಿರಾಮ ಸರಿಪಡಿಸಿ, ಇಂಥ ಕಾಗದವನ್ನು ಇಡೀ ಕ್ಲಬ್ಬು ಮಾದರಿಯಾಗಿ ಇಟ್ಟುಕೊಳ್ಳಬೇಕು ಎಂದರು. ವಿಲ್ಫ್‌ನ ಸೊಂಟದ ವಿಷಯ ಬರೆದಿದ್ದಳು, ಫಿಟ್ಟರ್ ಬೂಟು ಬಿಚ್ಚಿ ಒಳಗೆ ಬಂದದ್ದನ್ನು ಬರೆದಿದ್ದಳು. ಕೊನೆಯಲ್ಲಿ ಸ್ವಲ್ಪ ಹೆಮ್ಮೆಯಿಂದ ಇನ್ನೊಂದು ಮಾತು ಸೇರಿಸಿದ್ದಳು. ಮೂವತ್ತೊಂದು ವರ್ಷದಿಂದ ಸ್ಪರ್ಧೆಗಳಲ್ಲಿ ಭಾಗವಹಿಸುವುದು ನನ್ನ ಹವ್ಯಾಸ, ನಿಮ್ಮಿಂದ ಇದು ಎರಡನೆಯ ಬಹುಮಾನ, ಇಪ್ಪತ್ತು ವರ್ಷದ ಹಿಂದೆ ಹನ್ನೆರಡು ಪದಗಳೊಳಗೆ ನಿಮ್ಮ ಸೋಪನ್ನು ಹೊಗಳಿ ಎಂದು ನೀವು ಕೇಳಿದಾಗ ‘ಅಜ್ಜಿಯ ಮೂಗು ಒಪ್ಪಿದ ಸೋಪು’ ಎಂದು ಬರೆದು ಎರಡು ಟವೆಲ್ ಗೆದ್ದವಳು ನಾನೇ, ಆ ಸಾಲು ಇವತ್ತಿಗೂ ನಿಮ್ಮ ಸೋಪಿನ ಹೊದಿಕೆಯ ಮೇಲಿರುವುದನ್ನು ಅಂಗಡಿಯಲ್ಲಿ ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಒಂಬತ್ತು ದಿನಕ್ಕೆ ಉತ್ತರ ಬಂತು. ಹದಿನಾಲ್ಕನೆಯ ನಿಯಮದ ಪ್ರಕಾರ, ಸ್ಪರ್ಧೆಗಳಲ್ಲಿ ಭಾಗವಹಿಸುವುದನ್ನು ಹವ್ಯಾಸವಾಗಿಯೋ ಕಸುಬಾಗಿಯೋ ಮಾಡಿಕೊಂಡವರು ಬಹುಮಾನಕ್ಕೆ ಅರ್ಹರಲ್ಲ. ತಾವೇ ಕೈಯಾರೆ ಬರೆದು ತಿಳಿಸಿರುವ ಸಂಗತಿಯಿಂದ ತಾವು ಆ ವರ್ಗಕ್ಕೆ ಸೇರಿದವರೆಂದು ತಿಳಿಯಿತು. ಬೇರೆ ಚೀಟಿ ಎತ್ತಲಾಗುವುದು. ತಮ್ಮ ನಿಷ್ಠೆಗೆ ವಂದನೆಗಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಎನಿಡ್ ಅಳಲಿಲ್ಲ. ಅವಳು ಮನೆಯಲ್ಲಿದ್ದ ಪೆಂಡಲ್‌ವೈಟ್ ಸೋಪುಗಳನ್ನೆಲ್ಲ ಹಿತ್ತಲಿನ ಕಸದ ತೊಟ್ಟಿಗೆ ಹಾಕಿ, ಹೊದಿಕೆಗಳನ್ನು ಮಾತ್ರ ಬಿಡಿಸಿ ಇಟ್ಟುಕೊಂಡು, ಎರಡನೆಯ ಮಂಗಳವಾರಕ್ಕೆ ಕಾದಳು.

ಆ ಮಂಗಳವಾರ ಕ್ಲಬ್ಬಿನಲ್ಲಿ ಚಹಾ ಆರಿಹೋಯಿತು. ಪಿಲ್ಲಿಂಗ್ ಅವರು ಭೂತಗನ್ನಡಿ ಹಿಡಿದು ಸೋಪಿನ ಪೊಟ್ಟಣವನ್ನು ಮೂರು ಸಲ ಓದಿದ್ದರು, ಅದರ ಮೇಲೆ ಇದ್ದದ್ದು ಎಂಟೇ ನಿಯಮ. ಹದಿನಾಲ್ಕನೆಯದೂ ಸೇರಿ ಉಳಿದವೆಲ್ಲ ಕಂಪನಿಯ ವೆಬ್‌ಸೈಟಿನಲ್ಲಿದ್ದವು. ಎನಿಡ್‌ಳ ಮನೆಯಲ್ಲಿ ಕಂಪ್ಯೂಟರೇ ಇಲ್ಲ, ಅದಕ್ಕೇ ಅವಳು ಅಂಚೆಯ ಸ್ಪರ್ಧೆಗಳಿಗೆ ಮಾತ್ರ ಬರೆಯುವುದು. ಮುದುಕರಿಗೆ ಸೋಪು ಅಂಗಡಿಯಲ್ಲಿ, ನಿಯಮ ಆಕಾಶದಲ್ಲಿ ಎಂದು ಯಾರೋ ಅಂದರು. ರಾನಿ ಮಾತ್ರ ಕುರ್ಚಿ ಹಿಂದಕ್ಕೆ ಒರಗಿಸಿ ಕೂತಿದ್ದ.

“ಪಿಲ್ಲಿಂಗ್ ಸಾಹೇಬ್ರೇ, ನಮ್ಮತ್ತೆ ಫ್ರಿಜ್ಜಿಗೆ ಥ್ಯಾಂಕ್ಸ್ ಬರೆದಿದ್ಲಾ?” ಅಂದ. “ಬರೀಲಿಲ್ಲ. ಫ್ರಿಜ್ಜು ಇದೆ. ಸತ್ತೋಳಿಗಿರೋ ಬುದ್ಧಿ ನಿಮ್ಮ ನಿಯಮಕ್ಕಿಲ್ಲ.”

“ನೀನು ಕಳ್ಳ ಕಣಯ್ಯ,” ಅಂದರು ಪಿಲ್ಲಿಂಗ್, ಅವರ ಕಿವಿ ಕೆಂಪಾಗಿತ್ತು. “ನಿನ್ನಂಥೋರಿಗೆ ಅಂತ ಅವರು ಬಲೆ ಹಾಕಿದ್ದು. ಇವಳು ಸಿಕ್ಕಿಹಾಕ್ಕೊಂಡ್ಲು.”

“ನಾನು ಸಿಗ್ಲಿಲ್ವಲ್ಲ. ಹಾಗಾದ್ರೆ ಬಲೆ ಯಾರಿಗೆ ಹಾಕಿದ್ದು?”

ರಾನಿ ಸರಿ ಹೇಳುವುದು ಅಪರೂಪ, ಹೇಳಿದಾಗ ಅದನ್ನು ಸಹಿಸುವುದು ಇನ್ನೂ ಕಷ್ಟ.

ಎನಿಡ್ ಅಷ್ಟರಲ್ಲಿ ಪಿಲ್ಲಿಂಗ್ ಅವರ ಫೋನಿನಿಂದ ಕಂಪನಿಯ ಕಾಗದದ ತಳದಲ್ಲಿದ್ದ ಸಂಖ್ಯೆಗೆ ಕರೆಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ನಡುವೆ ಇಟ್ಟಳು. ಎತ್ತಿದವನು ಟೋಬಿ. ಸೋಪಿನವರ ಪರವಾಗಿ ಲಾಟರಿ ನಡೆಸುವ ಮ್ಯಾಂಚೆಸ್ಟರಿನ ಕಚೇರಿಯವನು, ದನಿಯಲ್ಲೇ ನಗುವ ಹಲ್ಲು ಕಾಣುವಂಥವನು. ಎನಿಡ್ ತನ್ನ ಹೆಸರು ಹೇಳಿದಳು.

“ಹಾಯ್ ಎನಿಡ್, ಹೇಗಿದೀರ?”

“ಮಿಸೆಸ್ ಕ್ಲೆಗ್ ಅನ್ನಿ. ನನ್ನನ್ನ ಎನಿಡ್ ಅನ್ನೋರಿಗೆ ನನ್ನ ಮನೆ ಗೊತ್ತಿರುತ್ತೆ.”

ಟೋಬಿ ಕ್ಷಮೆ ಕೇಳಿದ. ಅವಳ ಬೇಸರ ತನಗೆ ಅರ್ಥವಾಗುತ್ತದೆ, ಆದರೆ ಈ ಲಾಟರಿಯನ್ನು ನಿಜವಾದ ಗಿರಾಕಿಗಳಿಗೆಂದು ಇಟ್ಟದ್ದು, ಬಹುಮಾನಕ್ಕೆಂದೇ ಕೊಳ್ಳುವವರಿಗಲ್ಲ ಎಂದ.

“ನಲವತ್ತೆಂಟು ವರ್ಷದಿಂದ ಇದೇ ಸೋಪಲ್ಲಿ ಗಂಡನ ಬೆನ್ನು ಉಜ್ಜಿದೀನಿ. ಇನ್ನೂ ನಿಜ ಆಗೋಕೆ ಏನ್ ಮಾಡ್ಬೇಕಿತ್ತು, ತಿನ್ಬೇಕಿತ್ತಾ?”

ಎನಿಡ್ ನಿಧಾನವಾಗಿ ಕೇಳತೊಡಗಿದಳು, ಊಟದ ಸಾಲಿನಲ್ಲಿ ಎರಡನೆಯ ಸಲ ಬಂದ ಹುಡುಗನನ್ನು ಕೇಳುವ ಹಾಗೆ.

“ವರ್ಷಕ್ಕೆ ಎಷ್ಟು ಚೀಟಿ ಹಾಕಿದ್ರೆ ಹವ್ಯಾಸ ಆಗುತ್ತೆ?”

“ಅಂಥ ಸಂಖ್ಯೆ ಏನೂ ಇಲ್ಲ, ಮಿಸೆಸ್ ಕ್ಲೆಗ್. ಅದು ನಮ್ಮ ವಿವೇಚನೆಗೆ ಬಿಟ್ಟಿದ್ದು.”

“ಸರಿ. ನಿಮ್ಮ ಈ ಲಾಟರಿಗೆ ನಾನು ಎಷ್ಟು ಹಾಕಿದ್ದೆ?”

ಆ ಕಡೆ ಕೀಲಿಮಣೆ ಕುಟ್ಟಿದ ಸದ್ದು. “ಒಂದು.”

“ನನ್ನ ಪಕ್ಕದ ಮನೆಯೋಳು ಎಷ್ಟು ಹಾಕ್ಬಹುದಿತ್ತು?”

“ಒಂದು.”

“ಹಾಗಾದ್ರೆ ನನ್ನ ಒಂದು ಅವಳ ಒಂದಕ್ಕಿಂತ ಹೇಗಪ್ಪಾ ದೊಡ್ಡದಾಯ್ತು? ಡಬ್ಬಿಯೊಳಗೆ ಕೈ ಹಾಕಿದೋನಿಗೆ ನನ್ನ ಹವ್ಯಾಸ ಗೊತ್ತಿತ್ತಾ?”

ಇತರರಿಗೆ ಅವಕಾಶ ಸಿಗಬೇಕೆಂಬುದು ಕಂಪನಿಯ ಆಶಯ ಎಂದು ಟೋಬಿ ಏನೋ ಶುರುಮಾಡಿದ. ವರ್ಷಕ್ಕೊಂದು ಸಲ ಮೀನು ಹಿಡಿಯುವವನಿಗೆ ಮೀನು ಸಿಗಲೆಂದು ದಿನಾ ಹೊಳೆಗೆ ಹೋಗುವವನ ಬುಟ್ಟಿ ಕಸಿದುಕೊಳ್ಳುತ್ತೀರಾ ಎಂದು ಪಿಲ್ಲಿಂಗ್ ಅವರು ಫೋನಿಗೆ ಬಗ್ಗಿ ಕೇಳಿದರು. ಎನಿಡ್ ಅವರನ್ನು ಕೈಯಿಂದ ತಡೆದಳು.

“ಕೊನೇದು ಒಂದು. ನಾನು ಆ ಥ್ಯಾಂಕ್ಸ್ ಕಾಗದ ಬರೀದೆ ಇದ್ದಿದ್ರೆ ನಿಮಗೆ ಇದೆಲ್ಲ ಗೊತ್ತಾಗ್ತಿತ್ತಾ?”

ಟೋಬಿಯ ದನಿಯಿಂದ ಹಲ್ಲು ಮಾಯವಾಗಿತ್ತು. “ಇಲ್ಲ,” ಅಂದ. “ಗೊತ್ತಾಗ್ತಿರಲಿಲ್ಲ.”

“ಅಂದ್ರೆ ನೀವು ಹಿಡಿಯೋದು ಹವ್ಯಾಸದೋರನ್ನಲ್ಲ. ಮರ್ಯಾದೆ ಇರೋರನ್ನ.”

ಎನಿಡ್ ಫೋನು ಇಟ್ಟಳು. ರಾನಿ ಎದ್ದು ಹೋಗಿ ಹೊಸದಾಗಿ ಚಹಾ ಮಾಡಿಕೊಂಡು ಬಂದ, ಅದೂ ಅವನು ಎಂದೂ ಮಾಡದ ಕೆಲಸ.

ಪಿಲ್ಲಿಂಗ್ ಅವರು ಮನೆಗೆ ಹೋಗಿ ತಮ್ಮ ಜೀವಮಾನದ ಮೊದಲ ಒರಟು ಕಾಗದ ಬರೆದರು. ಮಿಸೆಸ್ ಕ್ಲೆಗ್ ಹವ್ಯಾಸಿಯಾದ ಕಾರಣ ಅವರ ಬಹುಮಾನ ಅಸಿಂಧುವಾಗುವುದಾದರೆ, ಇಪ್ಪತ್ತು ವರ್ಷದ ಹಿಂದೆಯೂ ಅವರು ಹವ್ಯಾಸಿಯೇ ಆಗಿದ್ದರು, ಆದುದರಿಂದ ‘ಅಜ್ಜಿಯ ಮೂಗು’ ಎಂಬ ಸಾಲನ್ನು ಎಲ್ಲ ಹೊದಿಕೆಗಳಿಂದ ಅಳಿಸಿ, ಅವರಿಂದ ಎರಡು ಟವೆಲ್‌ಗಳನ್ನು ವಾಪಸು ಪಡೆಯತಕ್ಕದ್ದು. ಟವೆಲ್ ಒಗೆದು ಇಸ್ತ್ರಿ ಮಾಡಿ ಇಡಲಾಗಿದೆ. ಇದಕ್ಕೂ ಉತ್ತರ ಬಂತು. ಅಂದಿನ ಸ್ಪರ್ಧೆಯ ಆರನೆಯ ನಿಯಮದಂತೆ ಕಳಿಸಿದ ಸಾಲುಗಳೆಲ್ಲ ಕಂಪನಿಯ ಸ್ವತ್ತು, ಟವೆಲ್‌ಗಳನ್ನು ಇಟ್ಟುಕೊಳ್ಳಬಹುದು. ಜೊತೆಗೆ ಸದ್ಭಾವನೆಯ ಕುರುಹಾಗಿ ಎನಿಡ್‌ಗೆ ಇಪ್ಪತ್ತನಾಲ್ಕು ಸೋಪುಗಳ ಒಂದು ಪೆಟ್ಟಿಗೆ.

ಎನಿಡ್ ಆ ಸೋಪುಗಳನ್ನು ಕಸಕ್ಕೆ ಹಾಕಲಿಲ್ಲ. ದಿನಕ್ಕೊಂದರಂತೆ ಲಕೋಟೆಗೆ ತುಂಬಿ, ಕಂಪನಿಯ ವಿಳಾಸ ಬರೆದು, ಅಂಚೆಚೀಟಿ ಹಚ್ಚದೆ ಬೀದಿಯ ಕೆಂಪು ಡಬ್ಬಿಗೆ ಹಾಕಿದಳು. ಅಂಚೆಚೀಟಿಯಿಲ್ಲದ್ದನ್ನು ಪಡೆಯುವವರು ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಇಪ್ಪತ್ತನಾಲ್ಕು ದಿನ ವಿಲ್ಫ್ ಕೋಲೂರಿಕೊಂಡು ಅವಳ ಜೊತೆ ಡಬ್ಬಿಯವರೆಗೆ ಹೋದ. ಫಿಟ್ಟರ್‌ನ ಪೆನ್ಸಿಲ್ ಗೀಟುಗಳನ್ನು ಒರೆಸಬೇಡ ಎಂದು ಅವಳಿಗೆ ಹೇಳಿದ್ದ.

ಜುಲೈ ತಿಂಗಳ ಸಭೆಯಲ್ಲಿ ಮೂರನೆಯ ನಿಯಮವನ್ನು ರದ್ದು ಮಾಡಬೇಕೆಂಬ ಸೂಚನೆಯನ್ನು ಪಿಲ್ಲಿಂಗ್ ಅವರೇ ಮಂಡಿಸಿದರು. ಎನಿಡ್ ಅದರ ಪರವಾಗಿ ಎರಡೂ ಕೈ ಎತ್ತಿದಳು, ಒಂದನ್ನೇ ಎಣಿಸಲಾಯಿತು. ಪರ ಏಳು, ವಿರುದ್ಧ ನಾಲ್ಕು.

ಎರಡನೆಯ ಚೀಟಿಯಲ್ಲಿ ಬಚ್ಚಲುಮನೆ ಎಕ್ಸೆಟರಿನ ಒಬ್ಬರಿಗೆ ಹೋಯಿತು. ವಿಲ್ಫ್ ಮಂಗಳವಾರ ಮತ್ತು ಶುಕ್ರವಾರ ಬಸ್ಸಿನಲ್ಲಿ ಊರ ಈಜುಕೊಳಕ್ಕೆ ಹೋಗಿ, ಅಲ್ಲಿಯ ನೆಲಮಟ್ಟದ ಶವರಿನಲ್ಲಿ ಸ್ನಾನ ಮಾಡಿ ಬರುತ್ತಾನೆ.