ಐವತ್ತು ಜನರ ಉಪ್ಪು

“ಇದು ಐವತ್ತು ಜನದ ಸಾಂಬಾರಾ?”

ಮದುವೆ ತಪಾಸಣೆಗೆ ಬಂದಿದ್ದ ಅಧಿಕಾರಿ ಲೋಹಿತ್ ಪೆನ್ನಿನಿಂದ ಕೊಪ್ಪರಿಗೆಯನ್ನು ಕುಟ್ಟಿದ. ಕಂಠಮಟ್ಟ ತುಂಬಿದ್ದ ಕೊಪ್ಪರಿಗೆ ಸದ್ದೇ ಮಾಡಲಿಲ್ಲ.

“ಹೌದು ಸರ್,” ಎಂದ ಅಡುಗೆಯ ವಿಷ್ಣು.

“ಇದ್ರಲ್ಲಿ ಐವತ್ತು ಜನ ಸ್ನಾನ ಮಾಡ್ಬೋದಲ್ಲ ಮಾರಾಯ! ಉಳಿದ ನಾನೂರೈವತ್ತು ಜನ ಎಲ್ಲಿದಾರೆ, ಹೇಳು.”

ಮಲವಗೊಪ್ಪದ ಕಲ್ಯಾಣ ಮಂಟಪದಲ್ಲಿ ವಿಷ್ಣುವಿಗೆ ಇದು ಲಾಕ್‌ಡೌನ್ ಸಡಿಲವಾದ ಮೇಲೆ ಸಿಕ್ಕಿದ ಮೊದಲ ಮದುವೆ. ಐವತ್ತು ಜನರಿಗಿಂತ ಹೆಚ್ಚು ಸೇರಬಾರದೆಂದು ಸರ್ಕಾರದ ನಿಯಮ. ಬಸ್ಸಿನಲ್ಲಿ ಎಷ್ಟು ಜನ ಎಂದು ಯಾರೂ ಎಣಿಸುತ್ತಿರಲಿಲ್ಲ. ಬ್ರಾಂದಿ ಅಂಗಡಿಯ ಕ್ಯೂವನ್ನೂ ಎಣಿಸುತ್ತಿರಲಿಲ್ಲ. ಕೊರೊನಾ ಬಂದು ಕೂರುವುದು ಮದುವೆ ಊಟದ ಐವತ್ತೊಂದನೇ ಎಲೆಗೆ ಮಾತ್ರ! ಹಾಗಂತ ಎಲ್ಲರೂ ಮುಳುಗಿದರು ಎಂದರೆ ಅದೂ ಸುಳ್ಳು. ಶಿವಮೊಗ್ಗದಲ್ಲಿ ಫಿನಾಯಿಲ್ ಮಾರುತ್ತಿದ್ದ ಅವನ ಭಾವ ಹರಿಪ್ರಸಾದ್ ಈಗ ಸ್ಯಾನಿಟೈಸರ್ ಮಾರಿ ಸೆಕೆಂಡ್‌ಹ್ಯಾಂಡ್ ಕಾರು ಇಳಿಸಿದ್ದ. “ಬಾಟ್ಲಿ ತುಂಬ್ಸೋ ಕೆಲ್ಸ ಇದೆ, ಬಾರೋ” ಎಂದು ದಿನಾ ಫೋನು. ಈ ಮದುವೆ ಸರಿಯಾಗಿ ದಾಟಿದರೆ ಮದುಮಗಳ ಚಿಕ್ಕಪ್ಪನ ಮನೆಯ ಮದುವೆಯೂ ಮುಂದಿನ ವಾರ ವಿಷ್ಣುವಿಗೇ. ಇಲ್ಲದಿದ್ದರೆ ಬಾಟಲಿಯೇ ಗತಿ.

ಲೋಹಿತ್ ಟೆರೇಸು ಹತ್ತಿ ಇಳಿದ. ಸ್ಟೋರ್ ರೂಮಿನಲ್ಲಿ ಸುತ್ತಿಟ್ಟ ಜಮಖಾನೆಗಳನ್ನೂ ಬಿಚ್ಚಿಸಿ ನೋಡಿದ. ಎಷ್ಟು ಎಣಿಸಿದರೂ ನಲವತ್ತೊಂಬತ್ತೇ ಜನ. ಬಚ್ಚಲಿನ ಬಾಗಿಲು ಬಡಿದಾಗ ಐವತ್ತನೆಯವಳು, ಮದುಮಗಳ ಅಜ್ಜಿ ಕಾಶಮ್ಮ, ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಳು. “ಯಾಕೋ ತಮ್ಮಾ ಹಂಗ್ ಬಡೀತೀಯಾ? ನಿಂಗೂ ಅರ್ಜೆಂಟಾ?”

“ಬಚ್ಚಿಟ್ಟೋರು ಹೊರಗೆ ಬರೋವರ್ಗೂ ತಾಳಿ ಕಟ್ಟೋ ಹಾಗಿಲ್ಲ,” ಎಂದ ಲೋಹಿತ್, ಕೆಂಪಾಗಿ.

ಮುಹೂರ್ತಕ್ಕೆ ಇಪ್ಪತ್ತು ನಿಮಿಷವಿತ್ತು. ಮದುಮಗಳ ಅಪ್ಪ ವಿಶ್ವಾರಾಧ್ಯರು ಗದ್ದಕ್ಕೆ ಮಾಸ್ಕ್ ಜಾರಿಸಿಕೊಂಡೇ ಅಡುಗೆಮನೆಗೆ ಓಡಿಬಂದರು. “ಭಟ್ರೆ, ಕೈ ಮುಗೀತೀನಿ, ಏನಾಗಿದೆ ನಿಜ ಹೇಳ್ಬಿಡಿ.”

ನಿಜವನ್ನು ಹೇಗೆ ಹೇಳುವುದು? ಒಂಬತ್ತನೇ ಕ್ಲಾಸು ಬಿಟ್ಟು ಸೋದರಮಾವನ ಹಿಂದೆ ಒಲೆಗೆ ಬಂದವನು ವಿಷ್ಣು. ಮಾವ ಕಲಿಸಿದ್ದು ಐನೂರು ಜನರ ಅಡುಗೆ ಮಾತ್ರ. ಬೇಳೆ ಮೂಟೆಯ ಲೆಕ್ಕ, ಹುಣಸೆಹಣ್ಣು ತೆಂಗಿನಕಾಯಿ ಗಾತ್ರದ ಲೆಕ್ಕ, ಉಪ್ಪು ಬೊಗಸೆ ಲೆಕ್ಕ. ಇವತ್ತು ಬೆಳಿಗ್ಗೆ ವಿಷ್ಣು ಇಟ್ಟಿದ್ದು ಸಣ್ಣ ಪಾತ್ರೆಯನ್ನೇ. ಬೇಳೆ ಅಳೆದ, ತರಕಾರಿ ಅಳೆದ. ಕೈಗಳು ಮಾತ್ರ ತಮ್ಮ ಪಾಡಿಗೆ ಡಬ್ಬಕ್ಕೆ ಹೋಗಿ ಎರಡು ಬೊಗಸೆ ಉಪ್ಪು ಸುರಿದವು. ಉಪ್ಪು ಹೆಚ್ಚಾಯಿತೆಂದು ನೀರು, ನೀರು ಹೆಚ್ಚಾಯಿತೆಂದು ಬೇಳೆ, ಪಾತ್ರೆ ಸಾಲದೆಂದು ಕೊಪ್ಪರಿಗೆ. ಮದುವೆ ಮುಂದಕ್ಕೆ ಹೋಗುವ ಮೊದಲು ವಿಶ್ವಾರಾಧ್ಯರು ಐನೂರು ಜನಕ್ಕೆಂದು ತರಿಸಿಟ್ಟ ಸಾಮಾನು ಪಕ್ಕದಲ್ಲೇ ಬಿದ್ದಿತ್ತು. ಉಪ್ಪು ಸರಿಹೋಗುವ ಹೊತ್ತಿಗೆ ಸಾಂಬಾರು ಐನೂರು ಜನಕ್ಕಾಗಿತ್ತು.

“ಯಾರನ್ನೂ ಬಚ್ಚಿಟ್ಟಿಲ್ಲ ಸರ್,” ಎಂದ ವಿಷ್ಣು, ಹಿಂದೆಯೇ ಬಂದು ನಿಂತಿದ್ದ ಲೋಹಿತನಿಗೆ, ಸೌಟು ನೋಡುತ್ತ. “ನಂಗೆ ಐವತ್ತು ಜನಕ್ಕೆ ಅಡ್ಗೆ ಮಾಡೋಕೆ ಬರಲ್ಲ.”

ಬಾಗಿಲಲ್ಲಿ ಸೇರಿದ್ದ ನೆಂಟರಲ್ಲಿ ಯಾರೋ ಮಾಸ್ಕಿನೊಳಗೇ ನಕ್ಕರು.

“ನಂಗೇ ಕಥೆ ಕಟ್ತೀಯಾ?” ಲೋಹಿತ್ ಉಪ್ಪಿನ ಡಬ್ಬವನ್ನು ಮುಂದೆ ತಳ್ಳಿದ. “ಐವತ್ತು ಜನಕ್ಕೆ ಎಷ್ಟು ಉಪ್ಪು? ತೆಗಿ, ನೋಡಾಣ.”

ವಿಷ್ಣುವಿಗೆ ಮೈ ಉರಿಯಿತು. ಡಬ್ಬವನ್ನು ಆ ಮನುಷ್ಯನ ತಲೆಯ ಮೇಲೇ ಬೋರಲು ಹಾಕಬೇಕೆನಿಸಿತು. ಸೌಟು ಕೆಳಗಿಟ್ಟು ಕೈ ಇಳಿಸಿದ. ಮೇಲೆ ಬಂದದ್ದು ಭರ್ತಿ ಬೊಗಸೆ. ಅರ್ಧ ಚೆಲ್ಲಿದ. ಇನ್ನೂ ಹೆಚ್ಚೆನಿಸಿ ಮತ್ತಷ್ಟು ಚೆಲ್ಲಿದ. ಈಗ ತೀರಾ ಕಡಿಮೆಯೆನಿಸಿತು. ಮತ್ತೆ ಇಳಿಸಿದ, ಮತ್ತೆ ಬೊಗಸೆ. ಸುತ್ತ ನೆಲವೆಲ್ಲ ಉಪ್ಪಾಯಿತು.

“ಬಿಡೋ ತಮ್ಮಾ, ಪಾಪ,” ಎಂದಳು ಕಾಶಮ್ಮ. “ಅವನಿಗೆ ನಿಜವಾಗ್ಲೂ ಬರಲ್ಲ ಕಣೋ!”

ಇಡೀ ಮದುವೆಮನೆ ನಕ್ಕಿತು. ಲೋಹಿತನೂ ನಕ್ಕ. ಒಂದು ಸೌಟು ಸಾಂಬಾರು ಕುಡಿದು, “ಉಪ್ಪು ಮಾತ್ರ ಕರೆಕ್ಟಾಗಿದೆ ಮಾರಾಯ,” ಎಂದು ಹೇಳಿ, ಹಾಳೆಯಲ್ಲಿ ‘ಅತಿಥಿಗಳು: ಐವತ್ತು’ ಎಂದು ಬರೆದು ಸಹಿ ಹಾಕಿದ.

ವಾಲಗ ಶುರುವಾಯಿತು. ಊಟ ಮುಗಿದ ಮೇಲೂ ಹತ್ತರಲ್ಲಿ ಒಂಬತ್ತು ಪಾಲು ಉಳಿದಿದ್ದ ಸಾಂಬಾರು ಟೆಂಪೊ ಹತ್ತಿ ಕ್ವಾರಂಟೈನ್ ಹಾಸ್ಟೆಲಿಗೆ ಹೋಯಿತು. ವಿಶ್ವಾರಾಧ್ಯರು ವಿಷ್ಣುವಿನ ಬೆನ್ನು ತಟ್ಟಿ, “ನೀವು ಹೇಳಿದ್ದಕ್ಕೆ ಬಚಾವಾದ್ವಿ ಭಟ್ರೆ,” ಎಂದರು. ತಮ್ಮನ ಮನೆಯ ಮದುವೆಯ ಮಾತನ್ನು ಎತ್ತಲಿಲ್ಲ.

ಸಂಜೆ ಭದ್ರಾವತಿಯ ಮನೆಯಲ್ಲಿ ಹೆಂಡತಿ ಶ್ರೀಗೌರಿ ಇಬ್ಬರಿಗಾಗುವಷ್ಟು ಸಾರು ಇಟ್ಟಿದ್ದಳು. ವಿಷ್ಣು ಬಂದು ಒಲೆಯ ಪಕ್ಕ ನಿಂತ.

“ಉಪ್ಪು ಎಷ್ಟು ಹಾಕ್ತೀಯಾ?”

“ಎಷ್ಟು ಬೇಕೋ ಅಷ್ಟು.”

“ಸರಿಯಾಗಿ ಹೇಳೇ ಮಾರಾಯ್ತಿ.”

ಅವಳು ಅವನ ಮುಖವನ್ನೊಮ್ಮೆ ನೋಡಿದಳು. ನಗಲಿಲ್ಲ. ಭರಣಿಯನ್ನು ಅವನ ಕಡೆಗೆ ಸರಿಸಿ ಮೂರು ಬೆರಳು ಕೂಡಿಸಿ ತೋರಿಸಿದಳು.

ಕಿಟಕಿಯಲ್ಲಿಟ್ಟಿದ್ದ ಫೋನು ‘ಹರಿ ಭಾವ’ ಎಂದು ಹೊಳೆಯುತ್ತ ಬಡಿದುಕೊಂಡು ಸುಮ್ಮನಾಯಿತು. ವಿಷ್ಣು ಮೂರು ಬೆರಳು ಭರಣಿಗೆ ಇಳಿಸಿ, ಎತ್ತಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಉದುರಿಸಿದ. ಮತ್ತೆ ಇಳಿಸಿದ. ಪಕ್ಕದಲ್ಲಿ ಸಾರು ಸಣ್ಣಗೆ ಕುದಿಯುತ್ತಿತ್ತು.