ಎರಡನೇ ಕಂಟ್ರೋಲರ್

ಕರಪತ್ರ ಓದಿ ನನ್ನ ಮೈಯೆಲ್ಲ ಉರಿದುಹೋಯಿತು. 'ಹಳೆಯ ಕೆಂಪು-ಬಿಳಿ ಗೇಮ್ ಪೆಟ್ಟಿಗೆಯ ಹತ್ತು ಶ್ರೇಷ್ಠ ಆಟಗಳು. ಆರಿಸಿದವರು: ತೆತ್ಸುರೊ.' ತೆತ್ಸುರೊ ನನ್ನ ಒಡಹುಟ್ಟಿದ ಅಣ್ಣ. ಹಳೆಯ ಆಟಗಳ ಬಗ್ಗೆ ಬರೆದು ಬರೆದು ಒಸಾಕಾದಲ್ಲೆಲ್ಲ ಹೆಸರು ಮಾಡಿದ್ದಾನೆ. ಮೊದಲ ಸ್ಥಾನ 'ಗೂಬೆ ಕೋಟೆ'ಗೆ. ಸರಿ, ಅದಕ್ಕೇ ಸಲ್ಲಬೇಕು. ಆದರೆ ಕೆಳಗೆ ಏನು ಬರೆದಿದ್ದ ಗೊತ್ತೇ? 'ಹತ್ತನೇ ವಯಸ್ಸಿನಲ್ಲಿ ಈ ಕೋಟೆಯನ್ನು ನಾನೊಬ್ಬನೇ ಗೆದ್ದೆ.'

ಒಬ್ಬನೇ ಅಂತೆ! ಥೂ!

ನಮ್ಮ ಮನೆಯಲ್ಲಿ ಒಂದನೇ ಕಂಟ್ರೋಲರ್ ಯಾವತ್ತೂ ಅವನದು. ಎರಡನೆಯದು ನನಗೆ. ಅದರಲ್ಲಿ ಆಟ ಶುರು ಮಾಡುವ ಗುಂಡಿ ಕೂಡ ಇರಲಿಲ್ಲ, ಇದ್ದದ್ದು ಒಂದು ಪುಟ್ಟ ಮೈಕು. ಕೋಟೆಯ ಕೊನೆಯ ಬಾಗಿಲಲ್ಲಿ ಕೂತ ಗೂಬೆ ನಾವು ಬೀಸುವ ಕತ್ತಿಗೆ ಹೆದರುವುದಿಲ್ಲ. ಆ ಮೈಕಿನಲ್ಲಿ ಯಾರಾದರೂ ಅರಚಿದರೆ ಮಾತ್ರ ಹಾರಿಹೋಗುತ್ತದೆ. ಅಣ್ಣನ ಎರಡು ಕೈಗೂ ಬಿಡುವಿಲ್ಲ. ಅರಚುತ್ತಿದ್ದವಳು ನಾನು. ಗೋಡೆಗಳೋ ತೆಳ್ಳಗಿನವು. ಪಕ್ಕದ ಮನೆಯಾಕೆ ಪೊರಕೆ ಹಿಡಿಯಿಂದ ಗುದ್ದುತ್ತಿದ್ದಳು, ಅಮ್ಮ ಬಂದು ನನ್ನ ತಲೆಗೆ ಮೊಟಕುತ್ತಿದ್ದಳು. ಕೂಗಿದ್ದು ನಾನು, ಏಟು ತಿಂದದ್ದು ನಾನು, ಗೆದ್ದದ್ದು ಅವನು!

ಕರಪತ್ರದಲ್ಲಿ ಹೇಳಿದ್ದ ನಿಪ್ಪೊನ್‌ಬಾಶಿಯ ಗೇಮ್ ಅಂಗಡಿಗೆ ನೆಟ್ಟಗೆ ಹೋದೆ. ಮಹಡಿಯ ಮೇಲೆ ಕಾರ್ಯಕ್ರಮಕ್ಕೆ ಜನ ಸೇರುತ್ತಿದ್ದರು. ಅಣ್ಣ ಕಾಲರಿಗೆ ಮೈಕು ಸಿಕ್ಕಿಸಿಕೊಳ್ಳುತ್ತಿದ್ದ.

“ಒಬ್ಬನೇ ಗೆದ್ಯಾ? ಹತ್ತಿದ ಏಣಿನೇ ಒದಿತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?”

“ಅಯ್ಯೋ ಸುಮಿಯೆ, ಇಷ್ಟಕ್ಕೆಲ್ಲಾ ಜಗಳಕ್ಕೆ ಬರ್ತಾರಾ? ಎರಡನೇ ಕಂಟ್ರೋಲರ್ ಹಿಡಿದೋರನ್ನೆಲ್ಲಾ ಲೆಕ್ಕಕ್ಕಿಟ್ರೆ ಆಯ್ತು ಕಥೆ.”

“ನನ್ನ ಹೆಸರು ಹೇಳು, ಅಷ್ಟೇ. ಎಲ್ಲರ ಮುಂದೆ.”

“ಮೀನು ಮಾರೋಳ ಹೆಸರು ಯಾರಿಗೆ ಬೇಕೇ? ಹೋಗ್ ಕೂತ್ಕೋ.”

ಹೌದು, ಕುರೊಮೊನ್ ಮಾರುಕಟ್ಟೆಯಲ್ಲಿ ಮೀನು ಮಾರುತ್ತೇನೆ. ನಾನು ಕೂಗಿದರೆ ಬೀದಿಯ ಆ ತುದಿಗೆ ಕೇಳುತ್ತದೆ. ಅವತ್ತು ಹಲ್ಲು ಕಚ್ಚಿಕೊಂಡು ಮೊದಲ ಸಾಲಲ್ಲೇ ಕೂತೆ.

ಹತ್ತನೇ ಆಟದಿಂದ ಒಂದನೆಯದರವರೆಗೂ ಅಣ್ಣ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಇಬ್ಬರು ಕೂಡಿ ಆಡುವ ಆಟ ಆ ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಕೊನೆಗೆ ಅಂಗಡಿಯ ಮಾಲೀಕ ಹಿರೊಬೆ ಎದ್ದು, “ಸಾರ್, ಆ ಗೂಬೆ ಬಾಗಿಲು ಒಂದ್ಸಲ ಆಡಿ ತೋರಿಸ್ಲೇಬೇಕು” ಅಂದ. ಜನ ಚಪ್ಪಾಳೆ ತಟ್ಟಿದರು. ಅಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ನನ್ನತ್ತ ಕೈಬೀಸಿ ಕರೆದ.

“ಇವಳು ನನ್ನ ತಂಗಿ. ಸುಮ್ನೆ ಈ ಎರಡನೇ ಕಂಟ್ರೋಲರ್ ಹಿಡ್ಕೊಂಡಿರ್ತಾಳೆ.”

ಸುಮ್ಮನೆ! ಆಯಿತಪ್ಪ, ಸುಮ್ಮನೆಯೇ ಹಿಡಿದುಕೊಂಡೆ.

ಗೂಬೆ ಬಂತು. ನಾನು ಬಾಯಿ ಬಿಡಲಿಲ್ಲ. ಅವನ ಒಂದು ಜೀವ ಹೋಯಿತು, ಇನ್ನೊಂದೂ ಹೋಯಿತು. ಉಳಿದದ್ದು ಒಂದೇ. ಅಣ್ಣ ನನ್ನ ಕಿವಿಯತ್ತ ಬಗ್ಗಿದ. ಕಾಲರಿನ ಮೈಕು ಮರೆತೇಬಿಟ್ಟಿದ್ದ.

“ಕೂಗೇ, ನಿನ್ನ ದಮ್ಮಯ್ಯ! ನೀನು ಕೂಗ್ದೆ ನಾನ್ಯಾವತ್ತೂ ಈ ಬಾಗಿಲು ದಾಟಿಲ್ಲ ಕಣೇ!”

ಪಿಸುಮಾತು ಸ್ಪೀಕರಿನಲ್ಲಿ ಇಡೀ ಮಹಡಿಗೆ ಕೇಳಿಸಿತು. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅಣ್ಣ ಕಾಲರು ಮುಟ್ಟಿ ನೋಡಿಕೊಂಡ. ಪರದೆಯ ಮೇಲೆ ಅವನ ಕೊನೆಯ ಜೀವವೂ ಹೋಯಿತು.

ನನ್ನ ಸಿಟ್ಟು ಇಳಿಯಿತೇ? ಎಲ್ಲಿಂದ ಇಳಿಯಬೇಕು! ಕೈಯಲ್ಲಿದ್ದದ್ದನ್ನು ಅವನ ಮಡಿಲಿಗೆ ಒಗೆದೆ.

“ಒಂದನೇದು ಇಲ್ಲಿ ಕೊಡು,” ಅಂದೆ. “ಈಗ ನೀನು ಕೂಗು.”