ಚೀಟಿಯಿಲ್ಲದ ಪ್ಯಾಕುಗಳು

ತೆರಿಗೆ ಇಲಾಖೆಯ ಅಂಕಿಅಂಶ ವಿಭಾಗದಲ್ಲಿ ಅವಳನ್ನು ಎಲ್ಲರೂ ‘ಲೆಕ್ಕದಮ್ಮ’ ಎಂದೇ ಕರೆಯುತ್ತಿದ್ದರು. ಯಾವ ಅಂಕಿ ತೋರಿಸಿದರೂ ಅವಳು ಮೊದಲು ಹುಬ್ಬು ಗಂಟಿಕ್ಕುವಳು, ಮಾತೇನಿದ್ದರೂ ಆಮೇಲೆ. ಸಿಗರೇಟಿನ ಮೇಲೆ ತೆರಿಗೆ ಏರಿಸಿ ಆರು ತಿಂಗಳಾಗಿತ್ತು. ಪ್ಯಾಕಿನ ಬೆಲೆ ಒಂದೂವರೆ ಪಟ್ಟಾಗಿತ್ತು. ಕಾರ್ಖಾನೆಗಳಿಂದ ತೆರಿಗೆ ಕಟ್ಟಿ ಹೊರಬರುತ್ತಿದ್ದ ಪ್ಯಾಕುಗಳು ಮೊದಲು ನೂರಿದ್ದರೆ ಈಗ ಎಪ್ಪತ್ತಾರು.

ಮೇಲಧಿಕಾರಿಗೆ ಹಿಗ್ಗೋ ಹಿಗ್ಗು. “ನೂರಕ್ಕೆ ಇಪ್ಪತ್ತನಾಲ್ಕು ಸೇದೋದು ಕಮ್ಮಿಯಾಗಿದೆ ನೋಡಮ್ಮ! ವರದಿ ಬರೆದುಬಿಡು.”

“ಕಮ್ಮಿಯಾಗಿರೋದು ಮಾರಾಟ ಸರ್. ಸೇದೋದೂ ಅಷ್ಟೇ ಕಮ್ಮಿಯಾಗಿದೆ ಅಂತ ಯಾರು ಕಂಡ್ರು?”

“ಕೊಳ್ಳದೆ ಗಾಳಿ ಸೇದ್ತಾರೇನು?”

ಅವಳ ತಲೆಯಲ್ಲಿ ಹುಳ ಕೊರೆಯತೊಡಗಿತು. ಜನ ಬೀದಿಯಲ್ಲಿ ಎಸೆದ ಖಾಲಿ ಪ್ಯಾಕುಗಳನ್ನೇ ಆಯ್ದು ತಂದು ನೋಡುವುದೆಂದು ತೀರ್ಮಾನಿಸಿದಳು. ತೆರಿಗೆ ಕಟ್ಟಿದ ಪ್ಯಾಕಿನ ಮುಚ್ಚಳಕ್ಕೆ ಇಲಾಖೆಯ ಪುಟ್ಟ ಚೀಟಿ ಅಂಟಿರುತ್ತದೆ, ಕಳ್ಳಮಾಲಿಗೆ ಅದಿರುವುದಿಲ್ಲ. ಹಿಂದಿನ ವರ್ಷ ಹೀಗೇ ಆಯ್ದಾಗ ಚೀಟಿಯಿಲ್ಲದ್ದು ನೂರಕ್ಕೆ ಒಂದೂ ಸಿಕ್ಕಿರಲಿಲ್ಲ.

ಕಚೇರಿಯ ಜೀಪು ಡ್ರೈವರನನ್ನು ಕರೆದುಕೊಂಡು, ಕೈಗವಸು ತೊಟ್ಟು, ಬೆಳಬೆಳಗ್ಗೆ ಬೀದಿಬೀದಿ ಅಲೆದಳು. ನಾಲ್ಕನೆಯ ದಿನ ಮಾರುಕಟ್ಟೆ ಹಿಂದಿನ ಓಣಿಯ ಕಸದ ತೊಟ್ಟಿಯಲ್ಲಿ ಒಟ್ಟಿಗೆ ಏಳು ಪ್ಯಾಕು ಸಿಕ್ಕವು. ಒಂದಕ್ಕೂ ಚೀಟಿಯಿಲ್ಲ.

“ಅಮ್ಮಾ, ಇದು ನಿಮ್ಮೆಜಮಾನ್ರ ಕನ್ನಡಕದಂಗಡಿ ಹಿಂದುಗಡೆ ಅಲ್ವಾ?” ಎಂದ ಡ್ರೈವರ್.

“ನೀನು ಚೀಲ ಹಿಡಿಯಪ್ಪ,” ಎಂದಳು. ಮುಖ ಮಾತ್ರ ಸಣ್ಣದಾಗಿತ್ತು.

ಬೆಲೆ ಏರಿದ ದಿನವೇ ಗಂಡ ಮನೆಗೆ ಬಂದು, “ಇವತ್ತಿಗೆ ಸಿಗರೇಟಿನ ಸಹವಾಸ ಸಾಕು,” ಎಂದಿದ್ದ. ಹದಿನೆಂಟು ವರ್ಷದ ಚಟ! ಅಷ್ಟು ಸುಲಭವಾಗಿ ಬಿಟ್ಟನೆಂದು ಹೇಗೆ ನಂಬಿದೆನೋ ಎಂದು ಈಗ ಅವಳಿಗೆ ಮೈಯೆಲ್ಲ ಉರಿಯಿತು. ಸಂಜೆ ಅವನು ಬಂದವನೇ ಸೋಪು ಹಾಕಿ ಕೈ ತೊಳೆದ. ಯಾಕೆ ತೊಳೆದ? ಗಿರಾಕಿಯೊಬ್ಬರ ಕಥೆ ಹೇಳಿ ನಕ್ಕ. ಯಾಕಿಷ್ಟು ನಗು? ಅವನು ಸ್ನಾನಕ್ಕೆ ಹೋದಾಗ ಅಂಗಿಯ ಜೇಬಿಗೆ ಕೈ ಹಾಕಿದಳು. ಎರಡು ಸಣ್ಣ ತಿರುಪು ಮೊಳೆ, ಒರೆಸುವ ಬಟ್ಟೆ. ಬೇರೇನೂ ಇಲ್ಲ. ಆ ಏನೂ ಇಲ್ಲದಿರುವುದೇ ಅವಳಿಗೆ ಇನ್ನಷ್ಟು ಅನುಮಾನ ತಂದಿತು.

“ಏನ್ ಹುಡುಕ್ತಿದ್ದೀಯ?” ಗಂಡ ಬಾಗಿಲಲ್ಲಿ ನಿಂತಿದ್ದ.

“ಒಗೆಯೋಕೆ ಹಾಕ್ತಿದ್ದೆ.”

ಅವನು ಅಂಗಿಯನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಬಕೆಟ್ಟಿಗೆ ಹಾಕಿದ.

ಮರುದಿನ ಮಧ್ಯಾಹ್ನ ಹೇಳದೆ ಕೇಳದೆ ಅಂಗಡಿಗೆ ಹೋದಳು. ಮುಂದೆ ಯಾರೂ ಇಲ್ಲ. ಅರೆತೆರೆದ ಹಿಂಬಾಗಿಲಿನಿಂದ ಹೊಗೆ ಬರುತ್ತಿತ್ತು. ಸಿಕ್ಕಿಬಿದ್ದ ಎಂದುಕೊಂಡು ಕಾಲು ಎತ್ತಿಡುವಷ್ಟರಲ್ಲಿ ಕೆಮ್ಮು ಕೇಳಿತು. ಆ ಕೆಮ್ಮು ಗಂಡನದಲ್ಲ.

ಸ್ಟೂಲಿನ ಮೇಲೆ ಅವಳ ಅಪ್ಪ ಕೂತಿದ್ದರು. ಶ್ವಾಸಕೋಶ ಹಾಳಾಗಿದೆ ಎಂದು ಡಾಕ್ಟರು ಹೇಳಿದ ದಿನವೇ, ಎರಡು ವರ್ಷದ ಹಿಂದೆ, ಮಗಳ ಮುಂದೆ ಆಣೆ ಇಟ್ಟಿದ್ದ ಅಪ್ಪ. ದಿನಾ ಮಧ್ಯಾಹ್ನ ಗ್ರಂಥಾಲಯಕ್ಕೆ ಹೋಗುವ ಅಪ್ಪ. ಪಕ್ಕದಲ್ಲಿ ಗಂಡ ನೀರಿನ ಲೋಟ ಹಿಡಿದು ನಿಂತಿದ್ದ.

“ಹೋದ್ವಾರ ಹಿಂದಿನ ಓಣೀಲಿ ಸೇದ್ತಾ ನನ್ನ ಕಣ್ಣಿಗೆ ಬಿದ್ರು,” ಎಂದ ಗಂಡ. “ನಿನಗೆ ಹೇಳಬೇಡ ಅಂತ ಮಾವ ಕೈ ಹಿಡ್ಕೊಂಡ್ರು. ಹೇಗೆ ಹೇಳ್ಲಿ?”

ಅವಳಿಗೆ ಕೋಪ ಯಾರ ಮೇಲೆಂದೇ ತಿಳಿಯಲಿಲ್ಲ. “ದಿನಕ್ಕೆಷ್ಟಪ್ಪಾ?” ಎಂದಳು.

“ಮುಂಚೆ ನಾಕು. ಈಗ ಏಳು.”

“ಬೆಲೆ ಏರಿದ್ಮೇಲೆ ಜಾಸ್ತಿನಾ?”

“ಇದು ಅರ್ಧ ಬೆಲೆಗೆ ಸಿಗುತ್ತಲ್ಲೇ. ಮಾರುಕಟ್ಟೇಲಿ ಒಬ್ಬ ಚೀಲದಲ್ಲಿಟ್ಟು ಮಾರ್ತಾನೆ.”

“ಅದಿರಲಿ, ಮುಂಚೆ ನಾಕು ಅಂದ್ರೆ? ಎರಡು ವರ್ಷದಿಂದ ನೀನು ಬಿಟ್ಟೇ ಇರ್ಲಿಲ್ವಾ?”

ಅಪ್ಪ ಸಿಗರೇಟನ್ನು ಕಾಲಲ್ಲಿ ಹೊಸಕಿ ತಲೆ ತಗ್ಗಿಸಿದರು.

ಆಯ್ದ ಎರಡು ಸಾವಿರ ಪ್ಯಾಕುಗಳಲ್ಲಿ ನಾನೂರಕ್ಕೆ ಚೀಟಿ ಇರಲಿಲ್ಲ. ಐದರಲ್ಲಿ ಒಂದು. ಅಂದರೆ ಚೀಟಿಯಿದ್ದ ಎಪ್ಪತ್ತಾರರ ಜೊತೆ ಕಳ್ಳದಾರಿಯ ಹತ್ತೊಂಬತ್ತೂ ಸೇರಿ, ಜನ ಸೇದುತ್ತಿದ್ದದ್ದು ತೊಂಬತ್ತೈದು. ನಿಜವಾಗಿ ಇಳಿದದ್ದು ನೂರಕ್ಕೆ ಐದೇ.

“ಹಾಗಾದ್ರೆ ತೆರಿಗೆ ಏರಿಸಿದ್ದೇ ದಂಡ ಅಂತೀಯಾ?” ಮೇಲಧಿಕಾರಿ ಗುಡುಗಿದರು.

“ಇಲ್ಲ ಸರ್. ಕಳ್ಳಮಾಲು ತಡೀದೆ ಏರಿಸಿದ್ದು ಅರ್ಧ ಕೆಲಸ ಅಂತೀನಿ.”

ಅವರು ಇಪ್ಪತ್ತನಾಲ್ಕನ್ನು ಮೊದಲ ಪುಟಕ್ಕೆ ಹಾಕಿ, ಐದನ್ನು ಮೂವತ್ತೊಂದನೆಯ ಪುಟದಲ್ಲಿ ಹೂತರು. ಎರಡೂ ಮೊದಲ ಪುಟಕ್ಕೆ ಬರುವವರೆಗೆ ಸಹಿ ಹಾಕುವುದಿಲ್ಲವೆಂದು ಅವಳು ಕೂತುಬಿಟ್ಟಳು. ಅವರು ಒಂದು ವಾರ ಮುಖ ಊದಿಸಿಕೊಂಡಿದ್ದು, ಕೊನೆಗೆ ಒಪ್ಪಿದರು.

ಆ ಸಂಜೆ ಗಂಡನ ಹತ್ತಿರ, “ನಿಮ್ಮ ಜೇಬು ನೋಡಿದ್ದು ತಪ್ಪಾಯ್ತು,” ಎಂದಳು.

“ನಿಜವಾಗಿ ಇಳಿದದ್ದು ಅಂದ್ಯಲ್ಲ, ಆ ನೂರಕ್ಕೆ ಐದರಲ್ಲಿ ನಾನೂ ಒಬ್ಬ ಕಣೆ,” ಎಂದ ಅವನು, ಅವಳತ್ತ ನೋಡದೆ. “ನೀನು ನಂಬು, ಬಿಡು.” ಎರಡು ದಿನ ಊಟಕ್ಕೆ ಕೂತಾಗಲೂ ಹೂಂ, ಊಹೂಂ ಅಷ್ಟೇ. ಮೂರನೆಯ ದಿನ ತಾನಾಗಿಯೇ, “ಮಾವನ್ನ ಡಾಕ್ಟರ ಹತ್ರ ಕರ್ಕೊಂಡ್ ಹೋಗೋಣ,” ಎಂದ.

ಡಾಕ್ಟರು ಪೆನ್ನು ಹಿಡಿದು, “ದಿನಕ್ಕೆಷ್ಟು ಸೇದ್ತೀರಿ?” ಎಂದು ಕೇಳಿದರು.

“ಮೂರು,” ಎಂದರು ಅಪ್ಪ.

ಮಗಳು ಅವರತ್ತ ತಿರುಗಿದಳು.

“ನಾಕು… ಒಂದೊಂದು ದಿನ ಐದು,” ಎಂದರು ಅಪ್ಪ, ಗೋಡೆ ನೋಡುತ್ತ. ಅವಳು ಕಣ್ಣು ಕೀಳಲಿಲ್ಲ. ಡಾಕ್ಟರು ಏನೂ ಬರೆಯದೆ ಕಾದರು.